ಸೊನ್ನೆ ಬರೆದ ಕೃಷ್ಣಾಜಿ

ಸಭೆಗೆ ಬಂದಿರುವ ಹಿರಿಯರೇ, ನೇಕಾರ ಬಂಧುಗಳೇ, ಮುಂದಿನ ಸಾಲಿನಲ್ಲಿರುವ ಕೃಷ್ಣಾಜಿಯ ಮನೆಯವರಾದ ತುಳಸಾಬಾಯಿಯವರೇ, ಅವರ ಮಗಳು ಶುಭದಾ — ನಿಮಗೆಲ್ಲ ನಮಸ್ಕಾರ. ತುಳಸಾಬಾಯಿಯವರು ಈಗಷ್ಟೇ ನನಗೆ ತಾಕೀತು ಮಾಡಿದ್ದಾರೆ: "ರಾಚಪ್ಪನವರ, ಯಾರನ್ನೂ ಅಳಸಬ್ಯಾಡ್ರಿ. ಅವರು ಉಂಡು, ಎಲಿ-ಅಡಿಕಿ ಹಾಕ್ಕೊಂಡು, ನಕ್ಕೋತ ಹೋಗ್ಯಾರ." ಆಯಿತು ತಾಯಿ, ಪ್ರಯತ್ನ ಮಾಡುತ್ತೇನೆ.

ಎಂಜಿನಿಯರ್ ಕೃಷ್ಣಾಜಿ ಮತ್ತು ನಾನು ಜಮಖಂಡಿಯ ಒಂದೇ ಕಚೇರಿಯಲ್ಲಿ ರಸ್ತೆ ಕೆಲಸ ಮಾಡಿದವರು. ಕೆಲಸ ಮಾಡಿದವರು ಅಂದರೆ — ಜಗಳಾಡಿದವರು! ಏಕವಚನದಲ್ಲೇ ಮಾತಾಡುತ್ತೇನೆ, ಕ್ಷಮಿಸಿ. ಬಹುವಚನ ಬಳಸಿದರೆ ಅವನೇ ಸಿಟ್ಟಾಗುತ್ತಿದ್ದ.

ಎಪ್ಪತ್ತರ ದಶಕದ ಮಾತು. ಯಾವ ರಸ್ತೆ ಮೊದಲು, ಯಾವುದು ಆಮೇಲೆ — ಇದನ್ನು ದೊಡ್ಡವರ ಮರ್ಜಿಗೆ ಬಿಡದೆ ಅಂಕ ಹಾಕಿ ತೀರ್ಮಾನಿಸಬೇಕೆಂದು ಬೆಂಗಳೂರಿನಲ್ಲಿ ಒಂದು ಮಸೂದೆ ತಯಾರಾಯಿತು. ಒಳ್ಳೆಯ ಮಸೂದೆ, ಖರೆ. ಆದರೆ ಅಂಕ ಹಾಕುವುದು ಹೇಗೆ? ರಸ್ತೆಯ ಮೇಲಿನ ಗಾಡಿ ಎಣಿಸಿ! ಅದನ್ನು ಪರೀಕ್ಷಿಸಲು ಶಾಸಕರ ಸಮಿತಿ ನಮ್ಮ ಕಡೆ ಬರುವುದೆಂದಾಯಿತು.

ಹೊಳೆ ಕಡೆಯ ಊರಿನಿಂದ ಬನಹಟ್ಟಿಗೆ ಬರುವ ದಾರಿ — ಈಗ ಹುಡುಗರು ಮೋಟರ್‌ಸೈಕಲ್ ಮೇಲೆ ಭರ್ರಂತ ಬರುತ್ತಾರಲ್ಲ, ಅದೇ — ಆಗ ಬರೀ ಕಲ್ಲು, ತಗ್ಗು. ಮಗ್ಗದ ಹಾಸು, ಅಂದರೆ ಉದ್ದೆಳೆಯ ನೂಲು, ಸುತ್ತಿದ ಉರುಳೆಯನ್ನು ಗಾಡಿಯಲ್ಲಿಟ್ಟರೆ ಕುಲುಕಿ ಕುಲುಕಿ ಎಳೆ ಹರಿಯುತ್ತಿತ್ತು. ಹಾಗಾಗಿ ಇಬ್ಬರು ಹೆಗಲು ಕೊಟ್ಟು ನಡೆದೇ ಒಯ್ಯಬೇಕು — ಹೀಗೆ! ಬನಹಟ್ಟಿಯ ನೂಲಿನ ಸಾಹುಕಾರ ಬೇಸತ್ತು ಹೊಳೆ ಕಡೆಯವರಿಗೆ ಹೇಳಿಬಿಟ್ಟಿದ್ದ: "ರಸ್ತಾ ಆಗಲಿಲ್ಲಂದ್ರ ನಿಮ್ಮೂರಿಗೆ ಹಾಸು ಬಂದ್." ಹಾಸು ಬಂದಾದರೆ ಇಡೀ ಊರಿನ ಮಗ್ಗ ಬಂದ್.

ಸಮಿತಿ ಬಂತು. ಏನು ನೋಡಿದೆವು ಗೊತ್ತೇ? ದಾರಿ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕಿದ್ದಾರೆ! ಊರಿಗೆ ಊರೇ ಮಡಿ ಬಟ್ಟೆ ತೊಟ್ಟು ಅಂಚಿಗೆ ಕೈಮುಗಿದು ನಿಂತಿದೆ. ಸಾಹೇಬರ ಜೀಪಿಗೆ ಅಡ್ಡಿಯಾಗಬಾರದೆಂದು ಮಗ್ಗಕ್ಕೂ ರಜೆ, ಹೆಗಲಿಗೂ ರಜೆ. ದಾರಿಯ ಮೇಲೆ ಒಂದು ಎಮ್ಮೆ ಸಹ ಇಲ್ಲ! ಆರತಿ ಹಿಡಿದ ನೇಕಾರ ಹೆಣ್ಣುಮಗಳು ಲಗಮವ್ವ ಹಿಗ್ಗಿ ಹೇಳುತ್ತಾಳೆ: "ಹಾದಿ ಹೆಂಗ ಖುಲ್ಲಾ ಇಟ್ಟೇವಿ ನೋಡ್ರಿ, ಸಾಹೇಬರ!"

"ಏನರೆ ಒಂದು ಅಂಕಿ ಬರದು ಒಗಿಯೋ" ಎಂದು ನಾನು ಎಣಿಕೆಯ ಹಾಳೆ ಹಿಡಿದಿದ್ದ ಕೃಷ್ಣಾಜಿಯ ಕಿವಿಯಲ್ಲಿ ಹೇಳಿದೆ. ಅವನು ಸೊನ್ನೆ ಬರೆದ. ಸೊನ್ನೆ! ನನಗೆ ಬಂದ ಸಿಟ್ಟು — ಇವತ್ತೂ ಸ್ವಲ್ಪ ಉಳಿದಿದೆ. "ಲೇ, ಊರಿನ ಬಾಯಾಗ ಮಣ್ಣು ಹಾಕಿದಿ!" ಅಂದೆ.

"ಸುಳ್ಳು ಬರದ್ರ ಇದೊಂದು ರಸ್ತಾ ಆಗ್ತದ. ಸೊನ್ನಿ ಯಾಕ ಬಂತು ಅಂತ ತೋರಿಸಿದ್ರ ಕಾಯ್ದೇನ ಬದಲಾಗ್ತದ. ತಡಿ" ಎಂದವನೇ ಸಮಿತಿಯ ಅಧ್ಯಕ್ಷರ ಎದುರು ನಿಂತ. "ಸಾಹೇಬರ, ಮೊದಲೇ ಹೇಳಿ ಬಂದದ್ದು ನಮ್ಮ ತಪ್ಪು. ಇದು ಮರ್ಯಾದಿ ಬಲ್ಲ ಊರು. ನಾಳೆ ಬರ್ರಿ — ಹೇಳದ ಕೇಳದ, ನಡಕೋತ."

ಅಧ್ಯಕ್ಷರು ದೊಡ್ಡ ಮನುಷ್ಯರು, ಬಂದರು. ಎದುರಿಗೆ ಲಗಮವ್ವ ಮತ್ತು ಗಂಡ ಮುದಕಪ್ಪ ಉರುಳೆ ಹೊತ್ತು ಬರುತ್ತಿದ್ದರು. ಅವರ ಹಿಂದೆ ಸಾಲುಸಾಲು ಜನ. ನಮ್ಮನ್ನು ಕಂಡು ಮುದಕಪ್ಪ ಅಂಚಿಗೆ ಸರಿಯಹೊರಟ. ಕೃಷ್ಣಾಜಿ ಕೂಗಿದ: "ಸರೀಬ್ಯಾಡ ಮುದಕಪ್ಪ, ನಡುವ ಬಾ!" ಕೊನೆಗೆ ಅಧ್ಯಕ್ಷರೇ ಜಾಲಿಕಂಟಿಯ ಕಡೆ ಸರಿದು ದಾರಿ ಬಿಟ್ಟರು. ಅವರ ಧೋತರ ಹರಿಯಿತು.

ಕಾಯ್ದೆ ಆಗುವಾಗ ಎರಡು ಮಾತು ಸೇರಿದವು — ಹೊರೆ ಹೊತ್ತು ನಡೆಯುವವರನ್ನೂ ಎಣಿಸಬೇಕು, ಎಣಿಸುವವರು ಹೇಳಿ ಬರಬಾರದು. ರಸ್ತೆ ಆಯಿತು, ಹಾಸು ನಿಲ್ಲಲಿಲ್ಲ. ಈ ದಾರಿಗಷ್ಟೇ ಅಲ್ಲ, ಬೀಳಗಿ ಕಡೆಯ ದಾರಿಗಳಿಗೂ ಅಂಕ ಬಂತು.

ಮೊನ್ನೆ ಅದೇ ರಸ್ತೆಯಲ್ಲಿ ಅವನನ್ನು ಹೊಳೆಗೆ ಒಯ್ದೆವು. ಗೌರವಕ್ಕೆಂದು ಊರವರು ಟ್ರ್ಯಾಕ್ಟರು, ಟೆಂಪೋ ಎಲ್ಲ ಬದಿಗೆ ನಿಲ್ಲಿಸಿದರು. ಆಗ ಮುದುಕಿ ಲಗಮವ್ವ ಕೋಲೂರಿಕೊಂಡು ಬಂದಳು — ಅಲ್ಲೇ ಕುಳಿತಿದ್ದಾಳೆ, ನೋಡಿ. "ಮತ್ತ ಖಾಲಿ ಮಾಡಾಕತ್ತೀರೇನ್ರೋ? ಅವ ಮತ್ತ ಸೊನ್ನಿ ಬರಿತಾನ! ಗಾಡಿ ಬಿಡ್ರಿ!" ಹೆಗಲು ಕೊಟ್ಟವರೂ ನಕ್ಕೆವು. ತುಂಬಿದ ರಸ್ತೆಯ ನಡುವೆ ಹೋದ ನನ್ನ ಗೆಳೆಯ.

ಈಗ ಎಲ್ಲರೂ ಏಳೋಣ. ಪಕ್ಕದ ಮಗ್ಗಗಳ ಸಪ್ಪಳ ನಿಲ್ಲಿಸಲೇ ಎಂದು ಯಾರೋ ಕೇಳಿದರು. ಬೇಡ. ನಾವಷ್ಟೇ ಎದ್ದು ಸುಮ್ಮನೆ ನಿಲ್ಲೋಣ — ಮಗ್ಗ ನಡೆಯಲಿ.