ಕುಂಕುಮ ಹತ್ತಿದ ಪೆನ್‌ಡ್ರೈವ್

ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಶಿರಾ ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯ ಕಂಪ್ಯೂಟರ್, ಬುಕ್ಕಾಪಟ್ಟಣದ ರಂಗಕ್ಕ ತಂದ ಪೆನ್‌ಡ್ರೈವನ್ನು ಗುರುತಿಸಲಿಲ್ಲ. ನಾನು ಅವರ ಹಿಂದೆ ಸರದಿಯಲ್ಲಿದ್ದೆ.

"ಹಿಂದಿನ ಪೋರ್ಟಿಗೂ ಹಾಕ್ದೆ, ಲೈಟೇ ಬರ್ತಿಲ್ಲ ಕಣಕ್ಕ," ಎಂದರು ಅಂಗಡಿಯ ಪ್ರಸನ್ನ ಕುಮಾರ್. "ಏನೈತೆ ಇದ್ರಾಗೆ?"

"ನಮ್ಮೆಜಮಾನ್ರು ಹಾಡಿದ್ ಪದ. ಟ್ರ್ಯಾಕ್ಟರ್‌ನಾಗೆ ಹಾಕ್ಕೊಂಡು ಕೇಳೋರು. ನಾಳೆ ಅವರ್ ವರ್ಸದ ತಿಥಿ. ಬಂದೋರ್ಗೆ ಕೇಳುಸ್ಬೇಕು, ಮೊಬೈಲ್‌ಗೆ ಹಾಕ್ಕೊಡಪ್ಪ."

"ಬ್ಯಾರೆ ಎಲ್ಲಾದ್ರೂ ಐತಾ?"

"ಇದೊಂದೇ."

ಪ್ರಸನ್ನ ಕುಮಾರ್ ಸಣ್ಣ ಬ್ರಷ್‌ನಿಂದ ಪೆನ್‌ಡ್ರೈವಿನ ತುದಿಯನ್ನು ಉಜ್ಜಿದರು. ಮೇಜಿನ ಮೇಲೆ ಕೆಂಪು ಪುಡಿ ಉದುರಿತು.

"ಇದೇನಕ್ಕ, ಇದ್ಕೂ ಮದ್ವೆ ಮಾಡ್ಸಿದ್ಯಾ?"

"ಕುಂಕುಮ ಕಣಪ್ಪ. ಅವರ್ ಫೋಟೋ ಮುಂದೆ ಇಟ್ಟಿದ್ದೆ. ಪ್ರತಿ ಸೋಮವಾರ ತೊಳ್ದು ಪೂಜೆ ಮಾಡ್ತೀನಿ."

"ನೀರಾಗೆ ತೊಳ್ದಾ?"

"ಪೂಜೆಗಿಡೋದ್ನ ತೊಳೀದೆ ಇಡ್ತಾರಾ?"

"ಒಳಗೆಲ್ಲ ತುಕ್ಕು ಹಿಡ್ದೈತಕ್ಕ. ಇನ್ನು ಇದ್ರಾಗೆ ಏನೂ ಸಿಗಾಕಿಲ್ಲ."

ರಂಗಕ್ಕ ಕೈ ಚಾಚಿದರು.

"ಅಂಗಾದ್ರೆ ಕೊಡಪ್ಪ. ಇವತ್ತೂ ಸೋಮವಾರ, ತೊಳ್ದಿಡ್ಬೇಕು."

ಅವರು ಅದನ್ನು ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು ರಸ್ತೆ ದಾಟಿ, ಹನ್ನೊಂದೂವರೆಯ ಬುಕ್ಕಾಪಟ್ಟಣದ ಬಸ್ ಹತ್ತಿದರು.