ಹಲಸಿನ ಮರದವರೆಗೆ ರೇಂಜ್ ಉಂಟು

ಹಲೋ... ಹಲೋ, ಯಾರು ಮಾತಾಡುದು? ಪೊಲೀಸ್ ನಾಯಿ ನೋಡಿಕೊಳ್ತಿದ್ದ ಉದಯ ಸಾರಾ?...

ಅಲ್ವಾ? ಅಕ್ಕ, ಸಾರ್ ಮನೆಯಲ್ಲಿ ಇದ್ದಾರಾ?... ಕೋಳಿಗೂಡು ತೊಳೀತಿದ್ದಾರಾ? ಒಮ್ಮೆ ಕರೀರಿ ಅಕ್ಕ, ದಮ್ಮಯ್ಯ. ಗೂಡು ನಾಳೆಯೂ ತೊಳೀಬಹುದು, ನನ್ನದು ಐದು ಗಂಟೆಯ ಒಳಗೆ ಆಗ್ಬೇಕು... ಇಚಿಲಂಪಾಡಿಯಿಂದ ತ್ಯಾಂಪಣ್ಣ ಅಂತ ಹೇಳಿ. ಇಲ್ಲ, ಅವರಿಗೆ ನನ್ನ ಗುರ್ತ ಇಲ್ಲ...

ಹಲೋ... ಹಾಂ, ನಮಸ್ಕಾರ ಸಾರ್. ಎಂಚ ಉಲ್ಲರ್?... ಓ, ತುಳು ಬರುದಿಲ್ವಾ? ಘಟ್ಟದ ಮೇಲಿನವರಾ? ಆಯ್ತು, ಆಯ್ತು, ಕನ್ನಡದಲ್ಲೇ ಹೇಳ್ತೇನೆ. ನಿಮ್ಮ ನಂಬರ್ ಕೊಟ್ಟದ್ದು ಮೀನಿನ ಕಾಸಿಂ. ಅವನ ಅಕ್ಕನ ಮನೆ ಅಲ್ಲೇ ಕೆದಂಬಾಡಿಯಲ್ಲಿ ಅಲ್ವಾ? ನಿಮ್ಮ ನಾಯಿ ಮೀನಿನ ಬುಟ್ಟಿಯ ಎದುರಿಂದ ಹೋದ್ರೂ ಹಗ್ಗ ಬಿಗಿ ಆಗುದಿಲ್ಲ ಅಂತ ಹೇಳಿದ. ಅದನ್ನು ನನಗೆ ಹೇಳಿ ಕೊಡ್ಬೇಕು ಸಾರ್...

ಈಗಲೇ. ಫೋನಿನಲ್ಲೇ. ಐದು ಗಂಟೆಗೆ ನನ್ನ ಹೆಂಡತಿಯ ಅಣ್ಣ ಪಿಕಪ್ ತಕ್ಕೊಂಡು ಬರ್ತಾರೆ, ನಾಯಿಯನ್ನು ಕೊಂಡು ಹೋಗ್ಲಿಕ್ಕೆ. ಕೋಡಿಂಬಾಳಕ್ಕೆ. ಅಚ್ಚುತ ಭಾವ ಅಂತ, ರಬ್ಬರ್ ತೋಟ ಉಂಟು ಅವರದ್ದು... ಅಯ್ಯೋ, ತೋಟ ಇದ್ರೆ ನಾಯಿಗೆ ಎಂತ ಸಾರ್? ಅಲ್ಲಿ ಶೀಟ್ ಒಣಗಿಸುವ ಶೆಡ್ಡಿನ ಕಂಬಕ್ಕೆ ಸಂಕೋಲೆ. ಎರಡು ಮಾರು ಸಂಕೋಲೆ, ಹಗಲೂ ರಾತ್ರಿಯೂ. ಮೊದಲು ಇದ್ದದ್ದು ಒಂದು ವರ್ಷ ಬದುಕಿತು. ಕಂಬದ ಸುತ್ತ ಒಂದು ರೌಂಡು ಹೊಂಡ ಬಿದ್ದಿತ್ತು, ಅದು ಸುತ್ತಿ ಸುತ್ತಿ. ನಾನು ಕಣ್ಣಲ್ಲಿ ನೋಡಿದ್ದೇನೆ...

ಗಂಡು. ಎರಡು ವರ್ಷ. ಊರ ನಾಯಿ, ಕಂದು ಬಣ್ಣ. ಹೆಸರು ಚೆಕ್ಕರ್... ಚೆಕ್ಕರ್, ಚೆಕ್ಕರ್, ಬಸ್ಸಿಗೆ ಹತ್ತಿ ಟಿಕೆಟ್ ನೋಡುದಿಲ್ವಾ, ಅವರ ಹೆಸರು. ನಾನು ಮೂವತ್ತೊಂದು ವರ್ಷ ಲೈನ್ ಬಸ್ಸಲ್ಲಿ ಕಂಡಕ್ಟರ್ ಸಾರ್. ಇದು ಮನೆಗೆ ಯಾರು ಬಂದ್ರೂ ಕಾಲು ಮೂಸದೆ ಒಳಗೆ ಬಿಡುದಿಲ್ಲ, ಹಾಗೆ ಆ ಹೆಸರು ಇಟ್ಟದ್ದು...

ಇಲ್ಲ ಇಲ್ಲ, ಕಚ್ಚುದಿಲ್ಲ. ಪಾಪದ್ದು. ಎಳೆಯುದು ಒಂದೇ. ಹಗ್ಗ ಹಾಕಿದ್ರೆ ಸಾಕು, ಎಳೀತದೆ. ಮೊನ್ನೆ ನಾನು ಒಂದು ಮದುವೆಗೆ ಹೋಗಿದ್ದೆ. ಹಾಗೆ ಸೊಸೈಟಿಗೆ ಹಾಲು ಕೊಂಡು ಹೋದದ್ದು ನನ್ನ ಹೆಂಡತಿ, ಸೀತು. ಇದು ಹಿಂದಿನಿಂದ ಹೋಗಿದೆ. ಸೊಸೈಟಿಯ ಹತ್ರ ಅಂಗನವಾಡಿ ಉಂಟು, ಅಲ್ಲಿ ನಾಯಿಯನ್ನು ಬಿಟ್ಟುಕೊಂಡು ಹೋದ್ರೆ ಟೀಚರ್ ಬೈತಾರೆ. ಹಾಗೆ ಇವಳು ಹಗ್ಗ ಹಾಕಿದ್ದು. ಕೈಗೆ ಮೂರು ಸುತ್ತು ಸುತ್ತಿಕೊಂಡಿದ್ದಾಳೆ. ಬರುವಾಗ ಮನೆಗೆ ಹತ್ತುವ ಏರುದಾರಿ, ಈ ಚಡಾವಿನ ಬುಡಕ್ಕೆ ಮುಟ್ಟಿದ್ದೇ ತಡ, ಒಂದೇ ಎಳೆತ! ಕಲ್ಲಿನ ಮೇಲೆ ಬಿದ್ದಳು ಸಾರ್. ಬಲಗೈ ಮಣಿಗಂಟು ಮುರೀತು. ಪುತ್ತೂರಿಗೆ ಕರ್ಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿದ್ದು. ಆರು ವಾರ...

ಹಾಂ, ಅವಳ ಸಿಟ್ಟು ತಪ್ಪಲ್ಲ. ನಾನು ಹೇಳ್ತೇನಾ ತಪ್ಪು ಅಂತ? ಆದ್ರೂ ಕಾಲು ಹಿಡಿದು ಕೇಳಿದೆ. ಕಡೆಗೆ ಅವಳು ಒಂದು ಮಾತು ಹೇಳಿದಳು. ಅಣ್ಣ ಬರುವುದರ ಒಳಗೆ ಇದು ಎಳೆಯದೆ ಈ ಚಡಾವು ಹತ್ತಿ ಬರ್ಲಿ, ನಾನು ನೋಡ್ಬೇಕು, ಒಂದೇ ಒಂದು ಸಲ ಸಾಕು, ಹಾಗಾದ್ರೆ ಇರ್ಲಿ ಅಂತ. ಬೆಳಿಗ್ಗೆಯಿಂದ ಏಳು ಸಲ ಹತ್ತಿಸಿ ಆಯ್ತು. ಏಳು ಸಲವೂ ಎಳೆದಿದೆ...

ಈಗ ಚಡಾವಿನ ಕೆಳಗೆ, ಬಸ್ ಸ್ಟಾಪಿನ ಹತ್ರ ಇದ್ದೇನೆ. ಮನೆಯಲ್ಲಿ ರೇಂಜ್ ಇಲ್ಲ ಸಾರ್. ಮೇಲೆ ಹಲಸಿನ ಮರದವರೆಗೆ ಉಂಟು, ಅದು ದಾಟಿದ್ರೆ ಫೋನು ಬರೀ ಟಾರ್ಚು... ನಾಯಿ ಇಲ್ಲೇ ಉಂಟು. ನಿಂತಿದೆ... ಹಗ್ಗವಾ? ಹಗ್ಗ ಕೈಯಲ್ಲಿ ಇಲ್ಲ. ಸೊಂಟಕ್ಕೆ ಕಟ್ಟಿದ್ದೇನೆ...

ಅದು... ಹಾಗೇ ಕಟ್ಟಿದ್ದು. ಅಭ್ಯಾಸ. ಒಂದು ಕೈಯಲ್ಲಿ ಹಾಲಿನ ಕ್ಯಾನು ಇರ್ತದಲ್ವಾ, ಹಾಗೆ... ಬಿಚ್ಚುದಾ? ಆಯ್ತು, ಬಿಚ್ಚಿದೆ. ಕೈಗೆ ಸುತ್ತಬಾರದು... ಹಾಂ, ಹಿಡಿದೆ...

ತಿನ್ಲಿಕ್ಕೆ ಉಂಟು ಸಾರ್, ಕಿಸೆಯಲ್ಲಿ ಒಣ ಮೀನಿನ ತುಂಡು ಉಂಟು. ಅದೆಂದ್ರೆ ಜೀವ ಇದಕ್ಕೆ... ಯಾವಾಗ ಕೊಡುದಾ? ದಿನಾ ಕೊಡ್ತೇನೆ, ಚಡಾವಿನ ತುದಿಗೆ ಮುಟ್ಟಿದ ಮೇಲೆ...

ಅಲ್ಲಿಯೇ ಯಾಕೆ ಅಂದ್ರೆ...

ಹಲೋ... ಇದ್ದೇನೆ ಸಾರ್. ಬಸ್ ಸ್ಟಾಪಿನವರಿಗೆ ಕೇಳದ ಹಾಗೆ ಸ್ವಲ್ಪ ಆಚೆ ಬಂದೆ...

ಇಲ್ಲ, ನಾಯಿಗೆ ಎಂತದೂ ಆಗ್ಲಿಲ್ಲ. ನನಗೇ...

ಸಾರ್, ನೀವು ಇದನ್ನು ಯಾರ ಹತ್ರವೂ ಹೇಳ್ಬಾರದು. ಕಾಸಿಂ ಹತ್ರ ಅಂತೂ ಹೇಳ್ಲೇಬಾರದು, ಅವನು ಮೀನಿನ ಹಾರ್ನ್ ಹೊಡೆದು ಊರಿಗೆಲ್ಲ ಹೇಳಿಯಾನು. ನನ್ನ ಕಾಲು ಹೋಗಿದೆ ಸಾರ್. ಎರಡೂ ಮೊಣಕಾಲು. ಮೂವತ್ತೊಂದು ವರ್ಷ ಬಸ್ಸಲ್ಲಿ ನಿಂತೇ ಇದ್ದದ್ದಲ್ವಾ? ಸಮತಟ್ಟಿನಲ್ಲಿ ಹೇಗೋ ನಡೀತೇನೆ. ಈ ಚಡಾವು ನನ್ನಿಂದ ಹತ್ಲಿಕ್ಕೆ ಆಗುದಿಲ್ಲ. ಕಾಲು ಆಗದಿದ್ರೆ ದನ ಕೊಡುವ ಅಂತ ಸೀತು ಹೇಳಿದ್ದಳು. ದನ ಕೊಟ್ರೆ ಸೊಸೈಟಿಗೆ ಹೋಗ್ಲಿಕ್ಕಿಲ್ಲ, ನಾಲ್ಕು ಜನರ ಮುಖ ನೋಡ್ಲಿಕ್ಕಿಲ್ಲ. ಆಮೇಲೆ ನಾನು ಎಂತ ಮಾಡುದು ಸಾರ್, ಜಗಲಿಯಲ್ಲಿ ಕೂತು?...

ಹಾಂ. ಹಾಗೆಯೇ. ಸೊಂಟಕ್ಕೆ ಹಗ್ಗ ಕಟ್ಟಿ ಇದರ ಹತ್ರ ಎಳೆಸಿಕೊಂಡು ಹತ್ತಿದ್ದು. ಮೂರು ತಿಂಗಳು ಆಯ್ತು. ಎಳೆದ್ರೆ ಶಹಬ್ಬಾಸ್ ಹೇಳುದು, ತುದಿಯಲ್ಲಿ ಮೀನು ಕೊಡುದು. ಎಳೆಯದಿದ್ದ ದಿನ ಬೈದಿದ್ದೇನೆ ಕೂಡ. ಇದಕ್ಕೆ ಎಳೀಲಿಕ್ಕೆ ಕಲಿಸಿದ್ದು ನಾನೇ ಸಾರ್. ನಾನೇ...

ಸೀತುಗೆ ಹೇಗೆ ಹೇಳುದು? ಕಾಲು ಗುಣವಾಯ್ತು ಅಂತ ಹೇಳಿ ಆಗಿದೆ. ಅದೂ ಅಚ್ಚುತ ಭಾವ ತಂದು ಕೊಟ್ಟ ಎಣ್ಣೆಯಿಂದ ಗುಣ ಅಂತ ಹೇಳಿದ್ದೇನೆ. ಅಣ್ಣನ ಎಣ್ಣೆ ಅಂತ ಅವಳಿಗೆ ಎಷ್ಟು ಹೆಮ್ಮೆ ಗೊತ್ತುಂಟಾ? ಅರ್ಧ ಊರಿಗೆ ಹಂಚಿದ್ದಾಳೆ. ಅಂಗನವಾಡಿಯ ಶೀಲಾವತಿ ಟೀಚರ್ ಎರಡು ಬಾಟ್ಲಿ ಕೊಂಡು ಹೋಗಿ ದಿನಾ ತಿಕ್ಕುತ್ತಾ ಇದ್ದಾರೆ, ಪಾಪ...

ಬೇಡ ಸಾರ್, ಅವಳಿಗೆ ನಿಜ ಹೇಳು ಅಂತ ಮಾತ್ರ ಹೇಳ್ಬೇಡಿ. ಅವಳ ಕೈ ಮುರಿದದ್ದು ನನ್ನಿಂದ ಅಂತ ಗೊತ್ತಾದ್ರೆ... ಆಸ್ಪತ್ರೆಯಲ್ಲಿ ಅವಳು ನೋವಲ್ಲಿ ಬೊಬ್ಬೆ ಹಾಕುವಾಗ ನಾನು ಪಕ್ಕದಲ್ಲಿ ನಿಂತು ನಾಯಿಗೆ ಬೈದಿದ್ದೇನೆ. ಬಾಯಿಗೆ ಬಂದ ಹಾಗೆ ಬೈದಿದ್ದೇನೆ. ನನ್ನಂಥ ಮನುಷ್ಯ ಉಂಟಾ?...

ಒಂದು ಗಂಟೆಯಲ್ಲಿ ಆಗುದಿಲ್ವಾ? ಎಷ್ಟು ದಿನ ಬೇಕು?... ಮೂರು ವಾರ! ಸಾರ್, ನನ್ನ ಹತ್ರ ಮುಕ್ಕಾಲು ಗಂಟೆ ಉಂಟು. ಶಾಶ್ವತ ಬೇಡ, ಒಂದು ಸಲ ಸಾಕು. ಹೇಗಾದ್ರೂ ಮಾಡಿ...

ಹಾಂ... ಹಾಂ... ಹಗ್ಗ ಬಿಗಿ ಆದ ಕೂಡಲೇ ನಿಲ್ಲುದು. ನಾನು ಎಳೀಲಿಕ್ಕಿಲ್ಲ, ಬೈಲಿಕ್ಕಿಲ್ಲ, ಸುಮ್ಮನೆ ಕಂಬದ ಹಾಗೆ ನಿಲ್ಲುದು. ಅದು ತಿರುಗಿ ನೋಡಿ ಹಗ್ಗ ಸಡಿಲ ಬಿಟ್ರೆ, ನನ್ನ ಕಾಲಿನ ಹತ್ರವೇ ಮೀನು ಕೊಡುದು. ಮತ್ತೆ ನಡೆಯುದು. ಬಿಗಿ ಆದ್ರೆ ಹೋಲ್ಡಾನ್, ಸಡಿಲ ಆದ್ರೆ ರೈಟ್. ಇದು ನನಗೆ ಗೊತ್ತಾಗ್ತದೆ ಸಾರ್, ಜೀವಮಾನ ಇಡೀ ಇದನ್ನೇ ಮಾಡಿದ್ದು...

ತುದಿಯಲ್ಲಿ ಕೊಡ್ಲೇಬಾರದಾ? ಆಯ್ತು. ಮೊದಲು ತಟ್ಟಿನಲ್ಲಿ. ಹೊರಟೆ. ಬಾ ಚೆಕ್ಕರ್... ಬಿಗಿ ಆಯ್ತು. ನಿಂತೆ... ಎಳೀತಾ ಉಂಟು... ಇನ್ನೂ ಎಳೀತಾ ಉಂಟು ಸಾರ್, ಕೆಮ್ಮುತ್ತಾ ಉಂಟು ಪಾಪ... ಇಲ್ಲ, ಅಲ್ಲಾಡ್ಲಿಲ್ಲ ನಾನು... ಆಂ! ತಿರುಗಿ ನೋಡಿತು! ಸಡಿಲ ಆಯ್ತು. ಬಾ, ಇಲ್ಲಿ, ಇಲ್ಲಿ ಕಾಲಿನ ಹತ್ರ, ತಿನ್ನು...

ನಾಲ್ಕು ಹೆಜ್ಜೆ ಸಾರ್! ನಾಲ್ಕು ಹೆಜ್ಜೆ ಸಡಿಲ ಬಂತು. ಇದು ಬೇಗ ಕಲೀತದೆ, ನೋಡಿ... ಮತ್ತೆ ಬಿಗಿ. ನಿಂತೆ. ಬಸ್ ಸ್ಟಾಪಲ್ಲಿ ಕೂತವರು ನಗಾಡ್ತಾ ಇದ್ದಾರೆ. ನಗಾಡ್ಲಿ... ಹಾಂ, ಬಂತು, ತಿರುಗಿತು...

ಸಾರ್, ಒಂದು ನಿಮಿಷ. ಪಿಕಪ್ಪಿನ ಶಬ್ದ ಉಂಟು... ಅಯ್ಯೋ ದೇವ್ರೆ, ಬಂದ್ರು. ಐದಕ್ಕೆ ಬರ್ತೇನೆ ಅಂದವರು ನಾಲ್ಕೂವರೆಗೇ ಬಂದ್ರು...

ಹಾಂ ಭಾವ!... ಕಾಲು? ಕಾಲು ಗುಣವಾಗಿದೆ ಭಾವ... ಎಣ್ಣೆಯಾ? ಇನ್ನೆರಡು ಬಾಟ್ಲಿ ತಂದಿದ್ದೀರಾ?... ಹಾಂ, ಹಾಂ, ಮನೆಗೆ ಹೋಗಿ, ನಾನು ನಡೆದುಕೊಂಡೇ ಬರ್ತೇನೆ. ಇದನ್ನು ಈಗ ಗಾಡಿಗೆ ಹಾಕ್ಬೇಡಿ ಭಾವ, ಸೀತು ಹತ್ರ ಒಂದು ಮಾತು ಆಗಿದೆ. ನೀವು ಹೋಗಿ...

ಹೋದ್ರು ಸಾರ್. ಗಾಡಿಯ ಹಿಂದೆ ಸಂಕೋಲೆ ಉಂಟು, ಹೊಸ ಸಂಕೋಲೆ. ನೋಡಿದೆ ನಾನು. ಎಂತ ಮಾಡ್ಲಿ?...

ಹೊರಡುದಾ? ಈಗಲೇ ಚಡಾವಿಗಾ? ಹತ್ತು ಹೆಜ್ಜೆ ಕೂಡ ಸರಿ ಬಂದಿಲ್ಲ ಇನ್ನೂ... ಆಯ್ತು. ನೀವು ಇಡ್ಬೇಡಿ ಸಾರ್, ದಮ್ಮಯ್ಯ. ಫೋನು ಹಿಡಿದುಕೊಂಡೇ ಇರಿ. ಬಾ ಚೆಕ್ಕರ್...

ಬಿಗಿ... ನಿಂತೆ... ಸಡಿಲ. ತಿನ್ನು... ಒಂದು, ಎರಡು, ಮೂರು... ಆರು... ಇದಕ್ಕೆ ಗೊತ್ತಾಗ್ತಾ ಉಂಟು ಸಾರ್. ತಿರುಗಿ ತಿರುಗಿ ನನ್ನ ಮುಖ ನೋಡ್ತದೆ, ಇವನಿಗೆ ಇವತ್ತು ಎಂತ ಆಯ್ತು ಅಂತ... ಹನ್ನೊಂದು... ಹನ್ನೆರಡು...

ಸೀತು ಬಂದಳು. ಹಲಸಿನ ಮರದ ಬುಡದಲ್ಲಿ ನಿಂತಿದ್ದಾಳೆ, ಪ್ಲಾಸ್ಟರ್ ಹಾಕಿದ ಕೈ ಕುತ್ತಿಗೆಯ ಜೋಳಿಗೆಯಲ್ಲಿ ಉಂಟು. ಹಿಂದೆ ಭಾವ. ನೋಡ್ತಾ ಇದ್ದಾರೆ ಇಬ್ಬರೂ. ಮೆಲ್ಲ ಮಾತಾಡ್ತೇನೆ ಸಾರ್... ಇಪ್ಪತ್ತು. ಇಪ್ಪತ್ತೊಂದು. ಸಡಿಲ, ಸಾರ್, ಜೋತು ಬಿದ್ದಿದೆ ಹಗ್ಗ, ಜೋಕಾಲಿ ಹಾಗೆ...

ನಿಂತೆ. ಇಲ್ಲ, ನಾಯಿಯಿಂದ ಅಲ್ಲ. ಕಾಲಿಂದ. ಇಲ್ಲಿ ಚಡಾವು ಸ್ವಲ್ಪ ಕಡಿದಾಗಿ ಉಂಟು, ಇಲ್ಲಿಯೇ ಯಾವಾಗಲೂ... ಉಸಿರು ಸಿಕ್ಕುದಿಲ್ಲ... ಕೂರ್ಲಿಕ್ಕೆ ಆಗುದಿಲ್ಲ ಸಾರ್, ಅವಳು ನೋಡ್ತಾ ಇದ್ದಾಳೆ. ಕೂತ್ರೆ ಕಾಲಿನ ವಿಷಯ ಗೊತ್ತಾಗ್ತದೆ. ಇನ್ನು ಹದಿನೈದು ಹೆಜ್ಜೆ ಅಷ್ಟೇ. ಹದಿನೈದೇ... ಬಲಗಾಲು ಎತ್ತಿ ಇಡ್ಲಿಕ್ಕೆ ಆಗುದಿಲ್ಲ...

ಇದು ವಾಪಸ್ ಬಂತು ಸಾರ್. ಮೊಣಕಾಲು ಮೂಸ್ತಾ ಉಂಟು... ಮೀನು ಬೇಡ ಅಂತ ಅದಕ್ಕೆ. ಕೊಟ್ರೂ ತಿನ್ನುದಿಲ್ಲ... ಎದುರಿಗೆ ಹೋಯ್ತು... ಅಯ್ಯೋ, ಬೇಡ. ಬೇಡ ಚೆಕ್ಕರ್. ಇವತ್ತು ಬೇಡ ಮಗ. ಇವತ್ತೊಂದು ದಿನ ನನ್ನನ್ನು ಇಲ್ಲೇ ಬಿಟ್ಟುಬಿಡು...

ಬಿಗಿ ಆಯ್ತು ಸಾರ್. ಎಳೆಯಿತು...

ಹಾಂ ಸೀತು. ನೋಡಿದೆ. ಹೌದು, ಎಳೆಯಿತು... ಭಾವ, ಅಲ್ಲೇ ನಿಲ್ಲಿ. ಸಂಕೋಲೆ ತರ್ಬೇಡಿ, ಒಂದು ನಿಮಿಷ ನಿಲ್ಲಿ... ಯಾರ ಹತ್ರ ಫೋನಿನಲ್ಲಾ? ಅದು ಆಮೇಲೆ ಹೇಳ್ತೇನೆ ಸೀತು, ಮೊದಲು ಇದು ಕೇಳು...

ಅದು ಎಳೆಯುದಲ್ಲ ಮಾರಾಯ್ತಿ. ಅದು ನನ್ನನ್ನು ಹತ್ತಿಸುದು. ಕಾಲು ಗುಣ ಆಗ್ಲಿಲ್ಲ, ಎಣ್ಣೆಯಿಂದ ಎಂತದೂ ಆಗ್ಲಿಲ್ಲ. ಮೂರು ತಿಂಗಳಿಂದ ಹಾಲಿನ ಕ್ಯಾನು, ನನ್ನನ್ನು, ಎರಡನ್ನೂ ಈ ಚಡಾವು ಹತ್ತಿಸಿದ್ದು ಇದು. ಸೊಂಟಕ್ಕೆ ಹಗ್ಗ ಕಟ್ಟಿ ನಾನೇ ಕಲಿಸಿದ್ದು. ನಿನ್ನನ್ನೂ ಹಾಗೇ ಹತ್ತಿಸ್ಲಿಕ್ಕೆ ಹೋದದ್ದು ಅದು. ನಿನ್ನ ಕೈ ಮುರಿದದ್ದು ನಾನು ಸೀತು. ನಾಯಿ ಅಲ್ಲ...

ಸಾರ್, ಇದ್ದೀರಾ?... ಹೇಳಿದೆ. ಎಲ್ಲ ಹೇಳಿದೆ. ಅವಳು ಕೆಳಗೆ ಇಳಿದು ಬರ್ತಾ ಇದ್ದಾಳೆ...

ಎಂತ?... ಇವಳು ಹೇಳುದು ಕೇಳಿ ಸಾರ್, ನಾಯಿಯನ್ನಲ್ಲ, ನನ್ನನ್ನು ಕೋಡಿಂಬಾಳಕ್ಕೆ ಕೊಂಡು ಹೋಗಿ ಆ ಕಂಬಕ್ಕೆ ಕಟ್ಟಬೇಕಂತೆ... ಕಟ್ಟು ಮಾರಾಯ್ತಿ, ನಾನು ಬೇಡ ಅಂತ ಹೇಳ್ತೇನಾ?... ಅಳ್ಬೇಡ, ಭಾವ ಇದ್ದಾರೆ... ಹಾಂ, ಶೀಲಾವತಿ ಟೀಚರಿಗೆ ನಾನೇ ಹೋಗಿ ಹೇಳ್ತೇನೆ, ಎಣ್ಣೆಯ ವಿಷಯ...

ಹಗ್ಗವಾ? ನಿನಗೆ ಕೊಡುದಾ? ಬೇಡ ಸೀತು, ಆ ಕೈಯಲ್ಲಿ... ಎಡಗೈಯಲ್ಲಾ? ಸುತ್ತಬೇಡ. ಬರೀ ಹಿಡಿ, ಹಾಂ, ಹಾಗೆ... ನಾನಾ? ನಿನ್ನ ಹೆಗಲು ಹಿಡಿಯುದಾ? ಅದೆಂತ, ಭಾವನ ಎದುರು... ಆಯ್ತು, ಆಯ್ತು, ಹಿಡಿದೆ. ಬೈಬೇಡ...

ಸಾರ್... ಸಾರ್, ಹಗ್ಗ ಸಡಿಲ ಉಂಟು. ಅವಳ ಕೈಯಲ್ಲಿ ಉಂಟು, ಸಡಿಲ ಉಂಟು. ಮೀನು ಎಲ್ಲ ಕಿಸೆಯಲ್ಲೇ ಉಂಟು, ಕೊಡ್ಲಿಲ್ಲ ನಾನು. ನಮ್ಮ ಪಕ್ಕದಲ್ಲೇ ಬರ್ತಾ ಉಂಟು, ನನ್ನ ಕಾಲು ನೋಡಿಕೊಂಡು... ಹಲೋ? ಕೇಳ್ತದಾ ಸಾರ್? ಹಲೋ, ನಾವು ಹಲಸಿನ ಮರ ದಾ...