ಒಂದು ಸಾಲಿಗೆ ಆರು ವಾರ

ಲಾ ಮಾರ್ಸಾ ರೈಲು ನಿಲ್ದಾಣದ ಪಕ್ಕ, ಸಕ್ಕರೆ ಉದುರಿಸಿ ಕೊಡುವ ಮೈದಾ ವಡೆ, ಬಿಸಿ ಬಂಬಲೂನಿ ಕರಿಯುವವನ ಮುಂದೆ ಸರದಿಯಲ್ಲಿದ್ದೆ. ನನ್ನ ಮುಂದಿದ್ದವನು ಫೋನನ್ನು ಜೊತೆಗಿದ್ದವಳ ಮೂಗಿಗೇ ಹಿಡಿದ.

"ನೋಡು ಒಲ್ಫಾ, ನಿಮ್ಮ ಕಂಪನಿ ಸಾಹೇಬನ ಮೂರನೇ ಇಮೇಲು! ನಿಮ್ಮ ಕಂಪನಿ ಫೋನುಗಳು ರಂಜಾನನ್ನ ಒಂದಿನ ಮೊದಲೇ ತೋರಿಸ್ತಿವೆಯಂತೆ, ನಾನು ಕೂಡಲೇ ಸರಿಮಾಡಬೇಕಂತೆ. ಓಪನ್ ಸೋರ್ಸ್, ಯಾರು ಬೇಕಾದ್ರೂ ಬಳಸಲಿ ಅಂತ ನಾನು ಬರೆದ ಪಂಚಾಂಗದ ಪ್ರೋಗ್ರಾಂ ಪುಕ್ಕಟೆ ಕೊಟ್ಟರೆ ನಾನು ಅವನ ಮನೆ ಆಳಾ?"

"ಕೂಗಬೇಡ ಮೆಹ್ರೆಜ್. ತಪ್ಪು ಎಲ್ಲಿದೆ ಅಂತ ನಾನು ಸೋಮವಾರವೇ ಹುಡುಕಿ ಸರಿಮಾಡಿಟ್ಟಿದೀನಿ."

"ಮತ್ತೆ ನನಗೆ ಕಳಿಸೋಕೇನು ರೋಗ?"

"ಹೊರಗಿನೋರಿಗೆ ಒಂದು ಸಾಲು ಕೋಡ್ ಕೊಡೋಕೂ ನಮ್ಮ ವಕೀಲರು ಒಪ್ಪಬೇಕು. ಆರು ವಾರ ಹಿಡಿಯುತ್ತೆ."

"ಅಷ್ಟೊತ್ತಿಗೆ ಉಪವಾಸ ಮುಗಿದು ಹಬ್ಬಾನೂ ಆಗಿರುತ್ತೆ! ನನ್ನ ಪ್ರೋಗ್ರಾಂ ತಗೊಂಡು ಹೋಗುವಾಗ ಆ ವಕೀಲರೆಲ್ಲ ಎಲ್ಲಿ ಸತ್ತಿದ್ರು?"

"ನಾನು ಬಾಯಿಬಿಟ್ಟರೆ ಕೆಲಸ ಹೋಗುತ್ತೆ ಮಾರಾಯ."

ಇಬ್ಬರ ಕೈಗೂ ಬಂಬಲೂನಿ ಬಂತು.

"ಹೇಳಬೇಡ ಮಾರಾಯ್ತಿ. ತಪ್ಪು ಎಲ್ಲಿದೆ ಅಂತ ನಾನು ಸರಿಯಾಗಿ ಊಹಿಸಿದಾಗ ಬಂಬಲೂನಿ ಕಚ್ಚು, ಸಾಕು. ಅಧಿಕ ವರ್ಷದ ಲೆಕ್ಕ?"

ಅವಳು ಬೆರಳಿನ ಸಕ್ಕರೆ ಒರೆಸಿಕೊಂಡಳು.

"ಊರೂರಿನ ಸಮಯ ಹೊಂದಿಸೋ ಕಡೆ?"

ರೈಲು ಬರುವುದನ್ನೇ ನೋಡುತ್ತಿದ್ದಳು.

"ಸೂರ್ಯ ಮುಳುಗಿದ ಮೇಲೆ ದಿನ ಬದಲಿಸೋ ಸಾಲು?"

ಒಲ್ಫಾ ಅರ್ಧ ಬಂಬಲೂನಿಯನ್ನು ಒಂದೇ ಸಲಕ್ಕೆ ಬಾಯಿಗೆ ತುರುಕಿಕೊಂಡಳು.

"ಥೂ, ಅಷ್ಟೇನಾ! ಸಂಜೆಯೊಳಗೆ ಸರಿಮಾಡ್ತೀನಿ. ತಿದ್ದಿದ ಸಾಲಿನ ಕೆಳಗೆ 'ಕಂಪನಿಯ ಸಹಕಾರಕ್ಕೆ ಧನ್ಯವಾದ' ಅಂತ ಬರೀಲಾ?"

"ಬೇಡ್ವೋ! ಅದನ್ನಂತೂ ಕಂಪನಿ ಹತ್ತು ನಿಮಿಷದಲ್ಲಿ ಪತ್ರಿಕೆಗೆ ಕೊಡುತ್ತೆ!" ಎನ್ನುತ್ತಾ ಅವಳು ಅವನ ತೋಳು ಹಿಡಿದು ರೈಲಿನತ್ತ ಎಳೆದುಕೊಂಡು ಓಡಿದಳು.